‘ನಾರ್ಮಲ್’ ವರದಿ ಹೇಳದೆ ಬಿಟ್ಟದ್ದು

ನಿಂತಾಗ ಏರಿ ಮಲಗಿದಾಗ ಇಳಿಯುವ ತಲೆನೋವಿಗೆ ಬೆನ್ನುಹುರಿಯ ಹೊರಪೊರೆಯಿಂದ ದ್ರವ ಸೋರುತ್ತಿರುವುದು ಕಾರಣವಿರಬಹುದು. ಸಂಶಯ ಬಂದಾಗ ಮೊದಲು ಮಾಡಿಸುವುದು ಮಿದುಳಿನ ಎಂಆರ್‌ಐ. ಅದು ತೋರಿಸುವುದು ಸೋರಿಕೆಯನ್ನಲ್ಲ, ಅದರ ಪರಿಣಾಮಗಳನ್ನು: ಕಾಂಟ್ರಾಸ್ಟ್ ಕೊಟ್ಟಾಗ ಹೊಳೆಯುವ ಪೊರೆ, ಉಬ್ಬಿದ ಸಿರೆಗಳು, ಕೆಳಕ್ಕೆ ಜಗ್ಗಿದ ಮಿದುಳು. ಆದರೆ 2021ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆಯ ಪ್ರಕಾರ ಸುಮಾರು ಐವರಲ್ಲಿ ಒಬ್ಬ ರೋಗಿಯಲ್ಲಿ ಈ ಚಿತ್ರ ಸಹಜವಾಗಿಯೇ ಇರುತ್ತದೆ. ಸೂಜಿ ಚುಚ್ಚಿ ಅಳೆದ ದ್ರವದ ಒತ್ತಡವೂ ಸುಮಾರು ಮೂರನೇ ಒಂದು ಭಾಗದವರಲ್ಲಿ ಕಡಿಮೆಯಿರುವುದಿಲ್ಲ. ಹೀಗಿರುವಾಗ ‘ನಾರ್ಮಲ್’ ಎಂಬ ಒಂದೇ ವರದಿಯಿಂದ ಸೋರಿಕೆಯಿಲ್ಲವೆಂದು ತೀರ್ಮಾನಿಸುವುದು ಪರೀಕ್ಷೆಯ ಮಿತಿಯನ್ನು ರೋಗಿಯ ತಲೆಗೆ ಕಟ್ಟಿದಂತೆ.

ಬೆನ್ನಿನ ಎಂಆರ್‌ಐಗೂ ತನ್ನದೇ ಮಿತಿಯಿದೆ. ಪೊರೆಯ ಹೊರಗೆ ದ್ರವ ನಿಂತಿದ್ದರೆ ಅದು ಸೋರಿಕೆ ಇದೆಯೆಂದು ಹೇಳಬಲ್ಲದು; ಎಲ್ಲಿದೆ ಎಂದು ಹೇಳಲಾರದು. ಪೊರೆಯ ಹರುಕು ಕೆಲವೇ ಮಿಲಿಮೀಟರ್ ಇದ್ದರೂ ದ್ರವ ಹಲವು ಕಶೇರುಗಳ ಉದ್ದಕ್ಕೂ ಹಬ್ಬಿರುತ್ತದೆ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕಾಂಟ್ರಾಸ್ಟ್ ಸೇರಿಸಿ ಮಾಡುವ ಸಾಮಾನ್ಯ ಸಿ.ಟಿ. ಮೈಲೋಗ್ರಾಂನಲ್ಲಿ ಚಿತ್ರ ತೆಗೆಯುವ ಹೊತ್ತಿಗೆ ಅದು ಆಗಲೇ ಹರಡಿಬಿಟ್ಟಿರುತ್ತದೆ. ಆದ್ದರಿಂದಲೇ ಪೊರೆಯ ಮುಂಭಾಗದ ಹರುಕನ್ನು ಹುಡುಕಲು ರೋಗಿಯನ್ನು ಬೋರಲು ಮಲಗಿಸಿ, ಕಾಂಟ್ರಾಸ್ಟ್ ಹರಿಯುತ್ತಿರುವಾಗಲೇ ಚಿತ್ರ ತೆಗೆಯಬೇಕು. 2014ರಲ್ಲಿ ಅಮೆರಿಕದ ವೈದ್ಯ ವೂಟರ್ ಶೀವಿಂಕ್ ಮತ್ತು ಸಹೋದ್ಯೋಗಿಗಳು ವಿವರಿಸಿದ ಇನ್ನೊಂದು ಬಗೆಯ ಸೋರಿಕೆಯಲ್ಲಿ ದ್ರವ ನೇರವಾಗಿ ಸಿರೆಯೊಳಗೇ ಸೇರಿಬಿಡುತ್ತದೆ. ಹೊರಗೆ ಏನೂ ನಿಲ್ಲದ ಕಾರಣ ಬೆನ್ನಿನ ಎಂಆರ್‌ಐ ಸ್ವಚ್ಛವಾಗಿ ಕಾಣುತ್ತದೆ. ಮಗ್ಗುಲಾಗಿ ಮಲಗಿಸಿ, ಎಡ ಬಲ ಎರಡನ್ನೂ ಬೇರೆ ಬೇರೆಯಾಗಿ ನೋಡಿದಾಗ ಅದು ಸಿಕ್ಕುವ ಸಾಧ್ಯತೆ ಹೆಚ್ಚು. ಯಂತ್ರ ಎಷ್ಟು ಹೊಸದು ಎಂಬುದಕ್ಕಿಂತ ರೋಗಿಯ ಭಂಗಿ ಮತ್ತು ಚಿತ್ರ ತೆಗೆದ ಗಳಿಗೆ ಇಲ್ಲಿ ಮುಖ್ಯ.

ತಲೆನೋವೆಂದು ಬಂದವರಿಗೆಲ್ಲ ಸೂಜಿ, ವಿಕಿರಣ ಏಕೆ, ಜಾಗ ಗೊತ್ತಿಲ್ಲದೆಯೂ ರೋಗಿಯದೇ ರಕ್ತವನ್ನು ಬೆನ್ನಿನಲ್ಲಿ ತುಂಬುವ ಬ್ಲಡ್ ಪ್ಯಾಚ್ ಹಲವರಿಗೆ ಗುಣ ಕೊಡುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವೇ. ಮೊದಲ ಹೆಜ್ಜೆಯಾಗಿ ಅದು ಸರಿ. ಆದರೆ ಸಿರೆಗೆ ಸೇರುವ ಸೋರಿಕೆಗೆ ಪ್ಯಾಚ್‌ನಿಂದ ಶಾಶ್ವತ ಪರಿಹಾರ ಸಿಗುವುದು ಕಡಿಮೆ. ಶಸ್ತ್ರಚಿಕಿತ್ಸೆಗಾಗಲಿ, ಸಿರೆಯೊಳಗಿನಿಂದ ಅಂಟು ತುಂಬಿ ಮುಚ್ಚುವುದಕ್ಕಾಗಲಿ ನಿಖರ ಜಾಗ ಗೊತ್ತಿರಲೇಬೇಕು. ಅತಿಯಾಗಿ ಹುಡುಕಿದರೆ ಇಲ್ಲದ್ದೂ ಕಂಡೀತು ಎಂಬ ಎಚ್ಚರಿಕೆಯೂ ನಿಜ: ನರದ ಬುಡದ ಪುಟ್ಟ ಚೀಲಗಳು ಆರೋಗ್ಯವಂತರಲ್ಲೂ ಇರುತ್ತವೆ. ಇದು ಹುಡುಕಾಟವನ್ನು ಕೈಬಿಡಲು ಕಾರಣವಲ್ಲ, ಪ್ರಶ್ನೆಯನ್ನು ಖಚಿತಗೊಳಿಸಲು ಕಾರಣ. ಯಾವ ಭಂಗಿಯಲ್ಲಿ, ಯಾವ ಮಗ್ಗುಲಲ್ಲಿ, ಯಾವ ಬಗೆಯ ಸೋರಿಕೆಗಾಗಿ ನೋಡಲಾಯಿತು, ಯಾವುದನ್ನು ನೋಡಲಾಗಲಿಲ್ಲ ಎಂದು ಬರೆದ ವರದಿಯಷ್ಟೇ ಮುಂದಿನ ವೈದ್ಯರಿಗೆ ಉಪಯೋಗಕ್ಕೆ ಬಂದೀತು.