ಬಾಯಿಪಾಠ ಮುಗಿಯುವ ಜಾಗ

ಶಾಲಾ ಚರ್ಚಾಸ್ಪರ್ಧೆ ಕೇಳಲು ಹೋದವರು ಮೊದಲ ಅರ್ಧ ನಿಮಿಷ ಕಿವಿಗೆ ರಜೆ ಕೊಟ್ಟರೂ ನಷ್ಟವಿಲ್ಲ. ವೇದಿಕೆಯ ಗಣ್ಯರು, ನಿಷ್ಪಕ್ಷಪಾತ ತೀರ್ಪುಗಾರರು, ಸಮಯಪಾಲಕರು ಎಲ್ಲರಿಗೂ ವಂದನೆ ಸಲ್ಲುವ ಹೊತ್ತು ಅದು.

ಪ್ರೌಢಶಾಲೆಯ ಮಾತುಗಾರರಿಗೆ ದೊಡ್ಡ ಋತುವೆಂದರೆ ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿ. ಕ್ಲಸ್ಟರ್‌ನಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಆಮೇಲೆ ರಾಜ್ಯಕ್ಕೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಗೆದ್ದವರು ಚಿತ್ರದುರ್ಗದವರಿಗೆ ಎದುರಾಗುವುದು ಜಿಲ್ಲಾ ಹಂತದಲ್ಲಿ. ಜನರೆಲ್ಲ ಜಾನಪದ ನೃತ್ಯ, ಖವ್ವಾಲಿಯ ಕಡೆ ಓಡುವುದರಿಂದ ಚರ್ಚೆಯ ಕೋಣೆಯಲ್ಲಿ ಬೆಂಚು ಸುಲಭವಾಗಿ ಸಿಗುತ್ತದೆ.

ಭಾಷಣ ಹೆಚ್ಚಾಗಿ ಮೇಷ್ಟ್ರು ಬರೆದುಕೊಟ್ಟದ್ದು, ಮಕ್ಕಳು ಉರುಹೊಡೆದದ್ದು. ಅದರಲ್ಲಿ ತಪ್ಪೇನಿಲ್ಲ. ಆದರೆ ಚರ್ಚೆಯ ರುಚಿ ಇರುವುದು ಬಾಯಿಪಾಠ ಕೈಕೊಟ್ಟು, ಹಿಂದಿನವರ ಮಾತಿಗೆ ಉತ್ತರ ಹುಡುಕಬೇಕಾದ ಆ ಗಳಿಗೆಯಲ್ಲಿ.

ಒಂದು ವಿಷಯ ಇಟ್ಟುಕೊಂಡು ನೋಡೋಣ: ‘ವಾಣಿವಿಲಾಸ ಸಾಗರ ಜಲಾಶಯ ಪ್ರತಿವರ್ಷ 130 ಅಡಿ ತುಂಬಬೇಕು’. ಪರ ವಹಿಸಿದವಳು 1933ರ ನಂತರ 2022ರಲ್ಲಿ ಕೋಡಿ ಬಿದ್ದ ಸಂಭ್ರಮ ಹೇಳುತ್ತಾಳೆ, ಹಿರಿಯೂರಿನ ತೋಟಗಳ ಬಾಯಾರಿಕೆ ಹೇಳುತ್ತಾಳೆ. ವಿರೋಧದವನು ‘ರೈತ ದೇಶದ ಬೆನ್ನೆಲುಬು’ ಎಂದು ಶುರುಮಾಡಿದರೆ ಅವನು ಅವಳ ಮಾತು ಕೇಳಿಸಿಕೊಂಡೇ ಇಲ್ಲವೆಂದು ಲೆಕ್ಕ. ‘ಕೋಡಿ ಬಿದ್ದದ್ದು ನಿಜ, ಆದರೆ ಅದೇ ವರ್ಷ ಹಿನ್ನೀರು ಹೊಸದುರ್ಗ ಕಡೆಯ ಜಮೀನಿಗೆ ನುಗ್ಗಿತಲ್ಲ?’ ಎಂದರೆ ನೆಟ್ಟಗೆ ಕೂರಿ. ಎದುರಾಳಿಯ ಅಂಕಿಅಂಶವನ್ನು ಒಪ್ಪಿಯೇ ಅವಳ ತೀರ್ಮಾನವನ್ನು ಕದಲಿಸಿದ್ದಾನೆ. ಇನ್ನು ಅವಳು ಏನು ಮಾಡುತ್ತಾಳೆ? ಪರಿಹಾರದ ಮಾತು ತೆಗೆಯುತ್ತಾಳೋ, ಜಲಾಶಯಕ್ಕೆ ಬರುವ ಭದ್ರೆಯ ನೀರಿಗೆ ಹೊರಳುತ್ತಾಳೋ, ಇಲ್ಲ ದನಿ ಏರಿಸುತ್ತಾಳೋ? ಏರಿದ ದನಿ ಬಹುಮಟ್ಟಿಗೆ ಉತ್ತರವಿಲ್ಲದ್ದರ ಗುರುತು.

ದನಿಯ ಮಾತು ಬಂದಿತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ‘ಶಿವಸಂಚಾರ’ ತಂಡ ಇಂದಿಗೂ ನಾಡು ಸುತ್ತಿ ನಾಟಕವಾಡುತ್ತದೆ. ರಂಗದ ಸ್ಪಷ್ಟ ಉಚ್ಚಾರ ಚರ್ಚೆಗೆ ಒಳ್ಳೆಯ ಬಂಡವಾಳ. ರಂಗದ ಅಬ್ಬರ ಮಾತ್ರ ಇಲ್ಲಿ ಹೊರೆ. ಮೂರು ಮಾರು ದೂರದ ತೀರ್ಪುಗಾರರಿಗೆ ಗರ್ಜನೆ ಯಾಕೆ? ಒನಕೆ ಓಬವ್ವನಿಗೂ ಇದೇ ಮಾತು. 2021ರಿಂದ ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿ ಆಚರಿಸುತ್ತಿದೆ, ಸರಿ. ಆದರೆ ಮೊಬೈಲ್ ಬೇಕೇ ಬೇಡವೇ ಎಂಬ ಚರ್ಚೆಯಲ್ಲೂ ಒನಕೆ ಎತ್ತಿದರೆ ಆ ಹೊಡೆತ ಯಾರಿಗೂ ತಾಗದು.

ಆಶುಭಾಷಣಕ್ಕೆ ಅಳತೆಗೋಲು ಬೇರೆ. ಚೀಟಿ ಎತ್ತಿ, ವಿಷಯ ಓದಿ, ಅಲ್ಲೇ ಮಾತಾಡಬೇಕು. ಇಲ್ಲಿ ತಡವರಿಸಿದ್ದಕ್ಕೆ ಅಂಕ ಕಳೆಯಬೇಡಿ. ಮೂರನೆಯ ವಾಕ್ಯದ ಹೊತ್ತಿಗೆ ಹುಡುಗಿ ತನ್ನ ಊರು, ತನ್ನ ಮನೆಯ ಒಂದು ಸಂಗತಿ ಹಿಡಿದಳೇ ಎಂದು ನೋಡಿ. ಹಿಡಿದರೆ ಗಂಟೆಯಾಗುವವರೆಗೂ ಅವಳಿಗೆ ಮಾತು ಸಾಲುತ್ತದೆ. ಹಿಡಿಯದಿದ್ದರೆ ಗಾದೆಗಳು ಸರತಿ ಸಾಲಿನಲ್ಲಿ ಬರತೊಡಗುತ್ತವೆ.

ಫಲಿತಾಂಶ ಹೊರಬೀಳುವ ಮೊದಲೇ ನಿಮ್ಮ ಪ್ರಥಮ, ದ್ವಿತೀಯವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ತೀರ್ಪುಗಾರರ ಪಟ್ಟಿಗೆ ಅದು ತಾಳೆಯಾಗದಿದ್ದರೆ ಪಕ್ಕದ ಬೆಂಚಿನವರ ಜೊತೆ ಜಗಳವಾಡಲು ಒಳ್ಳೆಯ ವಿಷಯ ಸಿಗುತ್ತದೆ.