ಸಾಕ್ಷಿ ಬೇಡ, ಕಥೆ ಕೇಳಿ

ಸಲಿಂಗಪ್ರೇಮದ ಕಥೆ ಬರೆಯುವವರನ್ನು ಗಡಿನಾಡಿನ ಸಾಹಿತ್ಯ ವೇದಿಕೆಗೆ ಕರೆಯಬೇಕೇ ಬೇಡವೇ ಎಂಬ ಮಾತು ಬಂದಾಗಲೆಲ್ಲ ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಎರಡು ಉತ್ತರ ಕೇಳುತ್ತೇನೆ. ಒಂದು ಕಟುವಾದದ್ದು: ಇದು ಬೆಂಗಳೂರು, ಪುಣೆಯವರ ಗೀಳು, ನಮಗೆ ಕುಡಿಯುವ ನೀರಿನ ಚಿಂತೆ, ಕನ್ನಡ ಶಾಲೆಯ ಚಿಂತೆ. ಇನ್ನೊಂದು ಮೆದುವಾದದ್ದು: ಪಾಪ, ಅವರೂ ಮನುಷ್ಯರೇ, ಒಂದು ಪ್ರತ್ಯೇಕ ಗೋಷ್ಠಿ ಇಟ್ಟು ಅವರ ಕಷ್ಟ ಕೇಳೋಣ. ಎರಡನೆಯದನ್ನು ಎಲ್ಲರೂ ಪ್ರಗತಿಪರ ನಿಲುವೆಂದು ಒಪ್ಪಿಕೊಂಡಿದ್ದಾರೆ. ನನ್ನ ಹೆಚ್ಚಿನ ತಕರಾರು ಇರುವುದು ಅದರ ಮೇಲೆಯೇ.

ಮೊದಲನೆಯ ಉತ್ತರ ಹೆಚ್ಚು ಹೊತ್ತು ನಿಲ್ಲುವಂಥದ್ದಲ್ಲ. ಮಾರ್ಗಶಿರದಲ್ಲಿ ಜತ್ತದಲ್ಲೇ ಯಲ್ಲಮ್ಮನ ಜಾತ್ರೆ ಕೂಡುತ್ತದೆ. ಪಕ್ಕದ ಅಥಣಿ ತಾಲ್ಲೂಕಿನ ಕೋಕಟನೂರಿಗೂ ದೂರದ ಸವದತ್ತಿಗೂ ಇಲ್ಲಿಂದ ಜನ ಹೋಗುತ್ತಾರೆ. ಯಲ್ಲಮ್ಮನ ಹೆಸರಿನಲ್ಲಿ ಸೀರೆ ಉಟ್ಟು ಕೊಡ ಹೊತ್ತ ಜೋಗಪ್ಪನನ್ನು, ಚೌಡಿಕೆ ವಾದ್ಯದ ದನಿಯನ್ನು ಈ ಸೀಮೆಯವರಿಗೆ ಯಾರೂ ಪರಿಚಯಿಸಬೇಕಾಗಿಲ್ಲ. ಸಾಹಿತ್ಯಕ್ಕೂ ಇದು ಹೊಸದಲ್ಲ. ಕೊಲ್ಹಾಪುರ ಜಿಲ್ಲೆಯ ರಾಜನ್ ಗವಸ್ ಮರಾಠಿಯಲ್ಲಿ ‘ಚೌಂಡಕಂ’, ‘ಭಂಡಾರಭೋಗ’ ಕಾದಂಬರಿಗಳನ್ನು ಬರೆದದ್ದು 1980ರ ದಶಕದಲ್ಲಿ. ನಮ್ಮ ನೆರೆಯ ಕವಠೆಮಹಾಂಕಾಳ ತಾಲ್ಲೂಕಿನ ಕಥೆಗಾರ ಚಾರುತಾ ಸಾಗರ್ ‘ದರ್ಶನ್’ ಎಂಬ ಕಥೆ ಬರೆದರು. ಇವೆಲ್ಲ ಸೇರಿ 2009ರಲ್ಲಿ ರಾಜೀವ್ ಪಾಟೀಲರ ‘ಜೋಗವಾ’ ಸಿನಿಮಾ ಆಯಿತು; ಅದರಲ್ಲಿ ನಟಿಸಿದ ಉಪೇಂದ್ರ ಲಿಮಯೆಗೆ ರಾಷ್ಟ್ರಪ್ರಶಸ್ತಿ ಬಂತು. ಇಷ್ಟೆಲ್ಲ ಸುತ್ತಲೂ ಇದ್ದು, ವಿಷಯ ಮಾತ್ರ ಮಹಾನಗರದಿಂದ ಬಸ್ ಹತ್ತಿ ಬಂತು ಎನ್ನುವುದು ಕಣ್ಣು ಮುಚ್ಚಿಕೊಂಡವರ ಮಾತು.

ಇಲ್ಲಿಗೆ ನಿಂತರೆ ಮೆದು ಉತ್ತರದವರು ಖುಷಿಯಾಗುತ್ತಾರೆ: ‘ನೋಡ್ರಿ, ನಮ್ಮ ಸಂಸ್ಕೃತಿ ಮೊದಲಿಂದಲೂ ಇವರನ್ನು ಒಪ್ಪಿಕೊಂಡದ.’ ಆದರೆ ಈ ಒಪ್ಪಿಗೆಗೆ ಷರತ್ತಿದೆ. ದೇವಿ ಮೈಮೇಲೆ ಬಂದಳು ಎಂದಾಗ ಮನೆಯವರು ಸೀರೆಯನ್ನು ಸಹಿಸುತ್ತಾರೆ, ಊರು ಕಾಲಿಗೆ ಬೀಳುತ್ತದೆ. ಆ ಜೋಗಪ್ಪ ಒಬ್ಬನನ್ನು ಪ್ರೀತಿಸಿದರೆ ಅದೇ ಊರು ಮುಖ ತಿರುಗಿಸುತ್ತದೆ. ಪ್ಯಾಂಟು ಶರ್ಟಿನಲ್ಲೇ ಇದ್ದು, ದೇವಿಯ ಹೆಸರನ್ನೂ ಹೇಳದೆ, ಗೆಳೆಯನ ಮೇಲೆ ಮನಸ್ಸಿಟ್ಟ ಹುಡುಗನಿಗಂತೂ ಈ ವ್ಯವಸ್ಥೆಯಲ್ಲಿ ಜಾಗವೇ ಇಲ್ಲ. ಭಕ್ತಿಗೆ ಕೊಟ್ಟ ರಿಯಾಯಿತಿಯನ್ನು ಪ್ರೀತಿಗೆ ಕೊಟ್ಟ ಒಪ್ಪಿಗೆ ಎಂದು ಲೆಕ್ಕ ಬರೆಯುವುದು ತಪ್ಪು.

ಮೆಚ್ಚುಗೆ ಗಳಿಸಿದ ‘ಜೋಗವಾ’ವನ್ನೇ ತೆಗೆದುಕೊಳ್ಳಿ. ಅದರ ನಾಯಕ ತಾಯಪ್ಪನ ಮೈಮೇಲೆ ಸೀರೆ ಹೇರಲಾಗಿದೆ. ಅವನ ಮನಸ್ಸು ದೇವಿಗೆ ಬಿಟ್ಟ ಜೋಗತಿ ಸುಳಿಯ ಕಡೆಗಿದೆ. ಆ ಕಟ್ಟನ್ನು ಹರಿದುಕೊಂಡು ಅವಳ ಜೊತೆ ನಡೆಯುವುದೇ ಬಿಡುಗಡೆ. ಹೇರಿಕೆಯ ವಿರುದ್ಧ ಇದು ಗಟ್ಟಿಯಾದ ಚಿತ್ರ, ಅನುಮಾನವಿಲ್ಲ. ಆದರೆ ಸೀರೆಯೇ ಬೇಕೆಂದು ಹಂಬಲಿಸಿದವರಿಗೆ ಅದರ ಕಥನದಲ್ಲಿ ಎಡೆಯಿಲ್ಲ. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ, 2021ರ ಪದ್ಮಶ್ರೀ ಪುರಸ್ಕೃತೆ ಮಂಜಮ್ಮ ಜೋಗತಿಯವರ ಬದುಕು ಹೇಳುವುದು ಸರಿಯಾಗಿ ಇದರ ಇನ್ನೊಂದು ಮಗ್ಗುಲನ್ನು. ಪ್ರೇಕ್ಷಕ ಕಣ್ಣೀರು ಹಾಕಿದ್ದು ಗಂಡಸೊಬ್ಬನಿಗೆ ಆದ ಅನ್ಯಾಯಕ್ಕೆ. ಅದರಿಂದ ಜೋಗಪ್ಪನ ಆಸೆಯ ಬಗ್ಗೆ ಅವನಿಗೆ ಏನೂ ತಿಳಿದಿರಲಿಕ್ಕಿಲ್ಲ. ಇಂಥ ಮಾತು ಚರ್ಚೆಯಾಗಬೇಕಾದದ್ದು ಸಮ್ಮೇಳನಗಳಲ್ಲಿ. ಆಗುವುದಿಲ್ಲ, ಏಕೆಂದರೆ ಇವು ಕಲೆಯ ಬಗೆಗಿನ ಪ್ರಶ್ನೆಗಳು, ನಮ್ಮ ಗೋಷ್ಠಿಗಳು ಕೇಳುವುದು ಕಷ್ಟಸುಖ.

ಗಡಿಯ ಎರಡೂ ಬದಿಯ ಪುಸ್ತಕಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಕನ್ನಡದಲ್ಲಿ ಹೆಸರಾದವು ಹೆಚ್ಚಾಗಿ ಆತ್ಮಕಥನಗಳು. ಮಂಜಮ್ಮನವರ ‘ನಡುವೆ ಸುಳಿವ ಹೆಣ್ಣು’ ಅರುಣ್ ಜೋಳದಕೂಡ್ಲಿಗಿಯವರ ನಿರೂಪಣೆಯಲ್ಲಿ ಬಂತು. ತಮಿಳಿನ ಟ್ರಾನ್ಸ್ ಲೇಖಕಿ ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಅದು ರಂಗಕ್ಕೂ ಏರಿತು. ಮರಾಠಿಯಲ್ಲಿ ಜೋಗಪ್ಪ–ಜೋಗತಿಯರ ಬಗ್ಗೆ ಒಳ್ಳೆಯ ಕಥನಸಾಹಿತ್ಯವಿದೆ, ಆದರೆ ಬರೆದವರು ಹೊರಗೆ ನಿಂತು ಕಂಡವರು. ಒಂದು ಭಾಷೆಯಲ್ಲಿ ಈ ಬದುಕು ಬಾಳಿದವರು ತಮ್ಮ ನಿಜವನ್ನಷ್ಟೇ ಹೇಳಬಹುದು. ಇನ್ನೊಂದರಲ್ಲಿ ಅವರ ಪರವಾಗಿ ಬೇರೆಯವರು ಕಲ್ಪಿಸಬಹುದು. ತಾವೇ ಕುಳಿತು ಸುಳ್ಳು ಕಟ್ಟುವ ಸ್ವಾತಂತ್ರ್ಯ, ಅಂದರೆ ಕಥೆಗಾರನ ಮೂಲಭೂತ ಹಕ್ಕು, ಎರಡೂ ಕಡೆ ಸುಲಭಕ್ಕೆ ಸಿಕ್ಕಿಲ್ಲ.

ಆ ಹಕ್ಕನ್ನು ಕನ್ನಡದಲ್ಲಿ ಧೈರ್ಯದಿಂದ ಚಲಾಯಿಸಿದ ಪುಸ್ತಕ ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’. ಅದು ಪ್ರಕಟವಾದದ್ದು 2013ರಲ್ಲಿ. ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಸಲಿಂಗಕಾಮವನ್ನು ಅಪರಾಧವೆನ್ನುವ 377ನೇ ಕಲಮಿಗೆ ಮತ್ತೆ ಜೀವ ಕೊಟ್ಟಿತು. ಆ ಕಲಮಿನ ಹಲ್ಲು ಕಿತ್ತದ್ದು 2018ರ ಸೆಪ್ಟೆಂಬರ್ 6ರಂದು. ಈ ನಡುವೆ 2016ರಲ್ಲಿ ರಶ್ಮಿ ತೇರದಾಳ್ ಪುಸ್ತಕವನ್ನು ಇಂಗ್ಲಿಷಿಗೆ ತಂದರು. ಅದು ಗೆದ್ದಿತು, ಆದರೆ ಹೆಚ್ಚಾಗಿ ಚರ್ಚೆಯಾದದ್ದು ಲೇಖಕರ ಬಹಿರಂಗ ಹೇಳಿಕೆಯಾಗಿ. ಅದರ ರಚನೆಯ ಬಗ್ಗೆ ಕೇಳಬೇಕಾದದ್ದು ಬಹಳಷ್ಟಿದೆ. ಹಲವು ಕಥೆಗಳಲ್ಲಿ ಒಬ್ಬನೇ ನಾಯಕನನ್ನು ಇಟ್ಟುಕೊಂಡೂ ಅದು ಕಾದಂಬರಿ ಏಕಾಗಲಿಲ್ಲ? ಸಂಗಾತಿ ಕಾರ್ತಿಕ್ ಮದುವೆಗೆ ಹೊರಟಾಗ ಒಡೆಯುವ ಮೋಹನಸ್ವಾಮಿ ಕೊನೆಗೆ ಕಿಲಿಮಂಜಾರೋ ಏರುತ್ತಾನಲ್ಲ, ಆ ಏರಿಕೆ ಕಥೆಯ ಒಳಗಿನಿಂದ ಬಂದದ್ದೋ, ಓದುಗನಿಗೆ ಸಮಾಧಾನ ಕೊಡಲು ಬಂದದ್ದೋ? ಅವನ ಪ್ರತಿ ಕಥೆಯೂ ಅವನನ್ನು ಮತ್ತೆ ಹೊಸದಾಗಿ ಒಂಟಿ ಮಾಡುವುದೇ ಈ ಬಿಡಿ ಬಿಡಿ ಆಕಾರದ ಲಾಭ ಎಂಬುದು ನನ್ನ ಓದು. ಒಪ್ಪದವರು ವಾದಿಸಲಿ. ಬದಲಿಗೆ ಇಂಥ ಲೇಖಕರಿಗೆ ವೇದಿಕೆಯಲ್ಲಿ ಸಿಗುವ ಪ್ರಶ್ನೆ ಒಂದೇ: ‘ಇದರಲ್ಲಿ ನಿಮ್ಮ ಅನುಭವ ಎಷ್ಟು?’

ನಾನೂ ಇಂಥ ಕಥೆ ಬರೆಯುತ್ತೇನೆ. ವೇದಿಕೆಯೊಂದರಲ್ಲಿ ಓದಿ ಮುಗಿಸಿದ ಮೇಲೆ ಬಂದ ಪ್ರಶ್ನೆಗಳೆಲ್ಲ ಮದುವೆ ಆಗಿದೆಯೇ, ಮನೆಯವರಿಗೆ ಗೊತ್ತೇ ಎಂಬಂಥವು. ಆ ಉತ್ತರಗಳನ್ನು ಅಲ್ಲಿ ಕೊಡಲಿಲ್ಲ, ಇಲ್ಲಿಯೂ ಕೊಡುವುದಿಲ್ಲ. ಕೊಲೆಯ ಕಥೆ ಬರೆದವನನ್ನು ಯಾರೂ ಠಾಣೆಗೆ ಕರೆದೊಯ್ಯುವುದಿಲ್ಲ.

ಜತ್ತದ ಕನ್ನಡಿಗರಿಗೆ ಈ ಕಿರಿಕಿರಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. 2022ರ ಕೊನೆಯಲ್ಲಿ ಕರ್ನಾಟಕ–ಮಹಾರಾಷ್ಟ್ರ ಗಡಿ ವಿವಾದದಲ್ಲಿ ನಮ್ಮ ಹಳ್ಳಿಗಳ ಹೆಸರು ಎರಡೂ ರಾಜ್ಯಗಳ ಟಿವಿಯಲ್ಲಿ ಓಡಿದಾಗ ಉಮದಿ, ಸಂಖದ ರೈತನ ಮುಂದೆ ಹಿಡಿದ ಮೈಕಿಗೆ ಬೇಕಿದ್ದದ್ದು ಒಂದೇ ಮಾತು: ಆ ಕಡೆಯೋ, ಈ ಕಡೆಯೋ? ನಮ್ಮ ಮರಾಠಿ ಬೆರೆತ ಕನ್ನಡ, ನಮ್ಮ ತಮಾಷೆ, ನಮ್ಮ ಹೊಟ್ಟೆಕಿಚ್ಚು, ನಮ್ಮ ಕವಿತೆ ಯಾರಿಗೂ ಬೇಕಿರಲಿಲ್ಲ. ಬೆಂಗಳೂರಿನ ವೇದಿಕೆಯಲ್ಲೂ ಗಡಿನಾಡಿನ ಲೇಖಕ ಗಡಿಯ ಗೋಳು ಹೇಳಲು ಕರೆಸಿಕೊಂಡವನು. ಸಮಸ್ಯೆಯ ಸಾಕ್ಷಿಯಾಗಿ ಮಾತ್ರ ಕಾಣಿಸಿಕೊಳ್ಳುವುದು ಎಷ್ಟು ಕುಗ್ಗಿಸುವ ಅನುಭವ ಎಂದು ಬಲ್ಲ ನಾವೇ ಸಲಿಂಗಪ್ರೇಮದ ಕಥೆಗಾರನನ್ನು ಅದೇ ಕಟಕಟೆಯಲ್ಲಿ ನಿಲ್ಲಿಸುತ್ತೇವೆ.

ಪ್ರತ್ಯೇಕ ಗೋಷ್ಠಿಯ ಪರವಾಗಿರುವ ಗಟ್ಟಿ ವಾದ ನನಗೆ ಗೊತ್ತು, ಅದು ಇತಿಹಾಸದಿಂದ ಬರುತ್ತದೆ. 1979ರಲ್ಲಿ ಗೋಪಾಲಕೃಷ್ಣ ಅಡಿಗರು ಅಧ್ಯಕ್ಷರಾಗಿದ್ದ ಧರ್ಮಸ್ಥಳ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೇಳಿದಾಗ ಕನ್ನಡ ಸಾಹಿತ್ಯ ಪರಿಷತ್ತು ಒಪ್ಪಲಿಲ್ಲ. ಸಾಹಿತ್ಯದಲ್ಲಿ ವಿಂಗಡಣೆ ಸಲ್ಲದು ಎಂಬುದೇ ಆಗಿನ ನೆಪ. ಅದರಿಂದ ಸಿಡಿದವರು ಅದೇ ವರ್ಷದ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಸಿದರು. ಹಾಗಾದರೆ ಗೋಷ್ಠಿ ಬೇಡವೆನ್ನುವ ನಾನು ಪರಿಷತ್ತಿನ ಪಕ್ಕ ನಿಂತೆನೇ?

ಇಲ್ಲ. ಅಂದು ಗೋಷ್ಠಿ ಕೇಳಿದವರು ಲೇಖಕರು. ಇಂದು ಕೊಡುತ್ತಿರುವವರು ಸಂಘಟಕರು. ಕೇಳಿ ಪಡೆದ ವೇದಿಕೆಯಲ್ಲಿ ಲೇಖಕ ತನ್ನ ಕಾವ್ಯಮೀಮಾಂಸೆಯನ್ನು ಕಟ್ಟುತ್ತಾನೆ. ದಯೆಯಿಂದ ಸಿಕ್ಕ ವೇದಿಕೆಯಲ್ಲಿ ಕೃತಜ್ಞತೆ ಸಲ್ಲಿಸುತ್ತಾನೆ. ದಲಿತ–ಬಂಡಾಯದವರು ಸಹಾನುಭೂತಿಗೆ ತೃಪ್ತರಾಗಲಿಲ್ಲ. ದೇವನೂರ ಮಹಾದೇವರ ಕಾದಂಬರಿ ‘ಕುಸುಮಬಾಲೆ’ ಬಂದಾಗ ಅದರ ನುಡಿಯ ಬಗ್ಗೆ, ಅದು ಓದಿಸಿಕೊಳ್ಳುತ್ತದೆಯೇ ಎಂಬುದರ ಬಗ್ಗೆ ಜಗಳವೇ ನಡೆಯಿತು. ಆ ಜಗಳವೇ ಗೌರವ. 2018ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಕೋಲ್ಕತ್ತದಲ್ಲಿ ಟ್ರಾನ್ಸ್‌ಜೆಂಡರ್ ಕವಿಗಳ ಸಮಾವೇಶ ನಡೆಸಿದ್ದೂ ಮೊದಲ ಹೆಜ್ಜೆಯಾಗಿ ಸರಿ. ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ಹೆದರಿದ ಹುಡುಗನಿಗೆ ಅಂಥ ಸಭೆಯಿಂದ ಉಸಿರು ಸಿಗುತ್ತದೆ, ಅದನ್ನು ಅಲ್ಲಗಳೆಯುವುದು ಕ್ರೌರ್ಯ. ಆದರೆ ತಲಬಾಗಿಲಲ್ಲಿ ಸ್ವಾಗತಿಸಿ ಪಡಸಾಲೆಯಲ್ಲೇ ಊಟ ಹಾಕಿ ಕಳಿಸುವ ಆತಿಥ್ಯಕ್ಕೆ ಈ ನಾಡಿನಲ್ಲಿ ಹಳೆಯ ಅರ್ಥವಿದೆ.

ಆದ್ದರಿಂದ ಗಡಿನಾಡಿನ ಸಂಘಟಕರಿಗೆ ನನ್ನ ಬೇಡಿಕೆ ಸಣ್ಣದು, ಖರ್ಚಿಲ್ಲದ್ದು. ‘ಅಲಕ್ಷಿತ ಸಮುದಾಯ’ ಎಂಬ ಬ್ಯಾನರ್ ತೆಗೆದು ಈ ಕಥೆಗಾರರನ್ನು ಕಥಾಗೋಷ್ಠಿಗೆ ಹಾಕಿ. ಪುಸ್ತಕವನ್ನು ಮೊದಲೇ ಓದಿಕೊಂಡು ಬಂದ ವಿಮರ್ಶಕರು ಪ್ರತಿಕ್ರಿಯಿಸಲಿ. ಚೌಡಿಕೆಯ ಪದ ಹೇಳುವವರನ್ನು ಸಂಜೆಯ ಮನರಂಜನೆಗೆ ಕಾಯಿಸದೆ ಕವಿಗೋಷ್ಠಿಯಲ್ಲಿ ಕೂಡಿಸಿ; ಪದ ಕಟ್ಟುವವರೂ ಕವಿಗಳೇ. ಕಥೆಯಲ್ಲಿ ಬರುವ ಜತ್ತದ ಮಾತು ನಿಜವಾಗಿ ಜತ್ತದ್ದೇ, ಪ್ರೇಮಿಗಳು ಅಥಣಿ ಬಸ್ಸಿನಲ್ಲಿ ಆಡಿದ ಮಾತು ಅಥಣಿ ಬಸ್ಸಿನಲ್ಲಿ ಆಡುವಂಥದ್ದೇ ಎಂದು ಪರೀಕ್ಷಿಸಿ.

ಪರೀಕ್ಷೆಯಲ್ಲಿ ಕಥೆ ಸೋಲಬಹುದು. ಸೋತರೆ ಸೋತಿತೆಂದು ಮೈಕಿನಲ್ಲೇ ಹೇಳಿ. ಶಾಲು ಹೊದಿಸಿ, ಧೈರ್ಯ ಮೆಚ್ಚಿ, ಕಥೆಯ ಬಗ್ಗೆ ತುಟಿ ಬಿಚ್ಚದೆ ಕಳಿಸುವ ಸಮ್ಮೇಳನಕ್ಕಿಂತ, ಕಥೆ ಕೆಟ್ಟದಾಗಿದೆ ಎಂದು ಕಾರಣ ಕೊಟ್ಟು ವಾದಿಸುವ ಸಮ್ಮೇಳನವೇ ಈ ಲೇಖಕರನ್ನು ಸಮಾನರೆಂದು ಒಪ್ಪಿದ ಸಮ್ಮೇಳನ.