ಯಾಜಕಕಾಂಡದ ‘ಕುಷ್ಠ’: ಒಂದು ಪದದ ವಿಮರ್ಶೆ

ಯಾಜಕಕಾಂಡದ 13 ಮತ್ತು 14ನೆಯ ಅಧ್ಯಾಯಗಳಲ್ಲಿ ಹೇಳಿರುವ ‘ಕುಷ್ಠ’ವು ಮನುಷ್ಯನ ಚರ್ಮಕ್ಕಷ್ಟೇ ತಗಲುವುದಿಲ್ಲ, ಬಟ್ಟೆಗೂ ತೊಗಲಿಗೂ ಮನೆಯ ಗೋಡೆಗೂ ತಗಲುತ್ತದೆ. ಗೋಡೆಗೆ ಬರುವ ಕುಷ್ಠರೋಗವನ್ನು ಯಾವ ವೈದ್ಯನೂ ಕಂಡಿಲ್ಲ. ಆದರೂ ನಮ್ಮ ಪ್ರಸಂಗಪೀಠಗಳಲ್ಲಿ ಈ ಅಧ್ಯಾಯಗಳನ್ನು ಇಂದಿನ ಕುಷ್ಠರೋಗದ ವರ್ಣನೆಯೆಂದೇ ವಿವರಿಸಲಾಗುತ್ತಿದೆ. ಈ ರೂಢಿಯನ್ನು ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಇಬ್ರಿಯ ಮೂಲದಲ್ಲಿರುವ ಪದ ‘ತ್ಸಾರಾಅತ್’. ಅದು ಯಾಜಕನು ನೋಡಿ ನಿರ್ಣಯಿಸುವ ಅಶುದ್ಧತೆಯ ಹೆಸರು. ಕುಷ್ಠರೋಗದ ಮುಖ್ಯ ಲಕ್ಷಣವಾದ ಸ್ಪರ್ಶಜ್ಞಾನದ ನಾಶವನ್ನು ಆ ಅಧ್ಯಾಯಗಳು ಎಲ್ಲಿಯೂ ಹೇಳುವುದಿಲ್ಲ. ಗ್ರೀಕ್ ಅನುವಾದಕರು ಅದಕ್ಕೆ ‘ಲೆಪ್ರಾ’ ಎಂಬ ಪದವನ್ನು ಬಳಸಿದರು. ಗ್ರೀಕ್ ವೈದ್ಯರಿಗೆ ‘ಲೆಪ್ರಾ’ ಎಂದರೆ ಹೊಟ್ಟೇಳುವ ಚರ್ಮವ್ಯಾಧಿ. ನಾವು ಇಂದು ಕುಷ್ಠವೆನ್ನುವ ರೋಗಕ್ಕೆ ಅವರು ಬೇರೆ ಹೆಸರಿಟ್ಟಿದ್ದರು. ಮಧ್ಯಯುಗದಲ್ಲಿ ಅರಬ್ಬಿ ವೈದ್ಯಗ್ರಂಥಗಳು ಲ್ಯಾಟಿನ್‌ಗೆ ಬಂದಾಗ ಎರಡೂ ಒಂದೇ ಪದದಲ್ಲಿ ಬೆರೆತವು.

ಕನ್ನಡದ ಅನುವಾದಕರನ್ನು ನಾವು ದೂಷಿಸುವುದಿಲ್ಲ. ಆಯುರ್ವೇದದಲ್ಲಿ ‘ಕುಷ್ಠ’ವು ಒಂದೇ ರೋಗವಲ್ಲ, ಏಳು ಮಹಾಕುಷ್ಠಗಳು, ಹನ್ನೊಂದು ಕ್ಷುದ್ರಕುಷ್ಠಗಳು ಎಂದು ಹದಿನೆಂಟು ಚರ್ಮವಿಕಾರಗಳ ಗುಂಪು. ಆ ವಿಶಾಲಾರ್ಥದಲ್ಲಿ ಪದವು ಮೂಲಕ್ಕೆ ದೂರವಾಗಿರಲಿಲ್ಲ. 1873ರಲ್ಲಿ ನಾರ್ವೆಯ ಬರ್ಗೆನ್‌ನಲ್ಲಿ ಹ್ಯಾನ್ಸನ್ ಎಂಬ ವೈದ್ಯನು ರೋಗಾಣುವನ್ನು ಗುರುತಿಸಿದ ಮೇಲೆ ಕುಷ್ಠವೆಂಬುದು ಒಂದು ನಿರ್ದಿಷ್ಟ ಸೋಂಕಿನ ಹೆಸರಾಗಿ ನೆಲೆಗೊಂಡಿತು. ಪದ ಹಾಗೆಯೇ ಉಳಿಯಿತು, ಅರ್ಥ ಕಿರಿದಾಯಿತು. ದೋಷವಿರುವುದು ಅನುವಾದದಲ್ಲಲ್ಲ, ಈ ಬದಲಾವಣೆಯನ್ನು ಗಮನಿಸದ ನಮ್ಮ ವ್ಯಾಖ್ಯಾನದಲ್ಲಿ.

ಇದು ಬರಿಯ ಪದಚರ್ಚೆಯಲ್ಲ. ಮಿರ್ಯಾಮಳಿಗೂ ಗೇಹಜಿಗೂ ಬಂದದ್ದು ದೈವದಂಡನೆಯೆಂದು ಬೋಧಿಸಿ, ಅದೇ ಉಸಿರಿನಲ್ಲಿ ಕುಷ್ಠವು ಪಾಪದ ಗುರುತೆಂದು ನಾವು ಹೇಳಿದಾಗ, ಸಭೆಯ ಕೊನೆಯ ಸಾಲಿನಲ್ಲಿ ಮರಗಟ್ಟಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತ ತಾಯಿಗೆ ಏನು ಕೇಳಿಸುತ್ತದೆ? 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಇಂದು ಆರು ಅಥವಾ ಹನ್ನೆರಡು ತಿಂಗಳಲ್ಲಿ ಆ ಚಿಕಿತ್ಸೆ ಮುಗಿಯುತ್ತದೆ. ಆದರೆ ನಾಚಿಕೆಯಿಂದ ತಡಮಾಡಿದವರ ಕೈಕಾಲುಗಳಿಗೆ ಆದ ಹಾನಿಯನ್ನು ಔಷಧವು ಹಿಂದಿರುಗಿಸಲಾರದು. ಆ ನಾಚಿಕೆಯಲ್ಲಿ ಪ್ರಸಂಗಪೀಠದ ಪಾಲೂ ಇದೆ.

ರಾಜ್ಯದ ಶಾಸನವೇ ನಮಗಿಂತ ಮುಂದೆ ನಡೆದಿದೆ. ರೋಗಿಗಳನ್ನು ಬೇರ್ಪಡಿಸಲು ಅವಕಾಶವಿತ್ತ 1898ರ ಕಾಯಿದೆ 2016ರಲ್ಲಿ ರದ್ದಾಯಿತು. ಕ್ರೈಸ್ತರಿಗೆ ಅನ್ವಯಿಸುವ ವಿಚ್ಛೇದನ ಕಾಯಿದೆಯಲ್ಲಿಯೂ ಕುಷ್ಠವು ವಿಚ್ಛೇದನಕ್ಕೆ ಕಾರಣವಾಗಿ ಉಳಿದಿತ್ತು. 2019ರ ತಿದ್ದುಪಡಿ ಅದನ್ನು ತೆಗೆದುಹಾಕಿತು.

ಪದವನ್ನು ಹೀಗೆ ಬಿಡಿಸಿದರೆ ಕರ್ತನ ಅದ್ಭುತಕಾರ್ಯದ ಮಹಿಮೆ ಕುಂದುವುದೆಂದು ಕೆಲವರು ಆಕ್ಷೇಪಿಸಬಹುದು. ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯವನ್ನು ನೋಡೋಣ. ಅಲ್ಲಿ ಆ ಮನುಷ್ಯನು ಬೇಡುವುದು ಶುದ್ಧನಾಗುವುದನ್ನು. ಕರ್ತನು ಆಡುವ ಮಾತಿಗೆ ಮುಂಚೆಯೇ ಕೈಚಾಚಿ ಅವನನ್ನು ಮುಟ್ಟುತ್ತಾನೆ. ವ್ಯಾಧಿ ಯಾವುದೇ ಆಗಿರಲಿ, ಮುಟ್ಟಬಾರದವನನ್ನು ಮುಟ್ಟಿದ್ದೇ ಸುವಾರ್ತೆ.

ಆದಕಾರಣ ಈ ಭಾಗಗಳನ್ನು ಓದುವ ಮೊದಲು ಸಭಾಪಾಲಕರು ಒಂದೇ ಒಂದು ವಾಕ್ಯವನ್ನು ಹೇಳಲಿ: ಇಲ್ಲಿ ಹೇಳಿರುವುದು ಇಂದು ಆಸ್ಪತ್ರೆಯಲ್ಲಿ ಗುಣವಾಗುವ ಕುಷ್ಠರೋಗವೆಂದು ಭಾವಿಸಬೇಡಿರಿ, ಆ ರೋಗವು ಯಾರ ಪಾಪದ ಗುರುತೂ ಅಲ್ಲ. ಕೊನೆಯ ಸಾಲಿನ ಆ ತಾಯಿ ಅದನ್ನು ನಮ್ಮ ಬಾಯಿಂದಲೇ ಕೇಳಬೇಕು.